ಪ್ರಾಸ್ಟೇಟ್‌ನ ಸಣ್ಣ ಕೋಶದ ಕ್ಯಾನ್ಸರ್: ವಿಕಿರಣ ಚಿಕಿತ್ಸೆ ಯಾವ ಹಂತದಲ್ಲಿ?

ಪ್ರಶ್ನೆ: ತಂದೆಯವರಿಗೆ ಪ್ರಾಸ್ಟೇಟ್ ಗ್ರಂಥಿಯ ಸಣ್ಣ ಕೋಶದ ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ಗೊತ್ತಾಗಿದೆ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ರಕ್ತದಲ್ಲಿ ಅಳೆಯುವ ಪಿಎಸ್‌ಎ ಎಂಬ ಪ್ರೋಟೀನ್ 2 ಮಾತ್ರ ಇದ್ದುದರಿಂದ ನಾವು ನಿಶ್ಚಿಂತರಾಗಿದ್ದೆವು. ರೋಗ ಹರಡಿಲ್ಲವೆಂದ ಮೇಲೂ ವೈದ್ಯರು ವಿಕಿರಣದ ಬದಲು ಕೀಮೋಥೆರಪಿಯಿಂದ ಆರಂಭಿಸುತ್ತಿರುವುದೇಕೆ?

ಉತ್ತರ 1: ಈ ಕೋಶಗಳು ಪಿಎಸ್‌ಎಯನ್ನು ಅಷ್ಟಾಗಿ ಸ್ರವಿಸದ ಕಾರಣ ಆ ಅಂಕಿಯನ್ನು ನಂಬಿ ಕೂರುವಂತಿಲ್ಲ. ಸ್ಕ್ಯಾನಿಗೆ ಕಾಣದಷ್ಟು ಸೂಕ್ಷ್ಮವಾಗಿ, ಬಹಳ ಬೇಗ ಹರಡುವ ಸ್ವಭಾವ ಈ ರೋಗಕ್ಕಿರುವುದರಿಂದ, ದೇಹವನ್ನೆಲ್ಲ ತಲುಪುವ ಎಟೊಪೊಸೈಡ್ ಹಾಗೂ ಸಿಸ್‌ಪ್ಲಾಟಿನ್ ಅಥವಾ ಕಾರ್ಬೊಪ್ಲಾಟಿನ್ ಎಂಬ ಕೀಮೋ ಔಷಧಗಳೇ ಚಿಕಿತ್ಸೆಯ ಆಧಾರ. ಗ್ರಂಥಿಗೆ ವಿಕಿರಣವನ್ನು ಅವುಗಳ ಜೊತೆಗೋ ನಂತರವೋ ಕೊಡುತ್ತಾರೆ. ಸಾಮಾನ್ಯ ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಹಾರ್ಮೋನ್ ಚಿಕಿತ್ಸೆಯೊಂದೇ ಇದಕ್ಕೆ ಸಾಲದು.

ಉತ್ತರ 2: ನನ್ನ ಅಣ್ಣನಿಗೂ ಇದೇ ಕ್ರಮವಿತ್ತು. ವಿಕಿರಣದ ದಿನಗಳಲ್ಲಿ ಅವರು ನೀರು ಕುಡಿದು, ವಿಕಿರಣಕ್ಕೆ ಮೂತ್ರಕೋಶ ತುಂಬಿರಬೇಕಾದ್ದರಿಂದ ಅದು ತುಂಬುವವರೆಗೆ ಗಡಿಯಾರ ನೋಡುತ್ತ ಕೂರುತ್ತಿದ್ದರು. ಯಂತ್ರದಡಿ ಮಲಗುವುದಕ್ಕಿಂತ ಆ ಕಾಯುವಿಕೆಯೇ ಕಷ್ಟವೆನ್ನುತ್ತಿದ್ದರು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಮೂತ್ರಪಿಂಡದ ಪರೀಕ್ಷೆ ಬರೆದುಕೊಟ್ಟದ್ದು, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಸಿಸ್‌ಪ್ಲಾಟಿನ್‌ಗಾಗಿಯೇ ಇರಬೇಕು, ನಾಳೆ ಕೇಳುತ್ತೇನೆ.