ತೊಗರಿ ಮಿಲ್ಲಿಗೆ ಎಐ ತರಬಹುದಾ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ಸಣ್ಣ ದಾಲ್ ಮಿಲ್. ಮೊನ್ನೆ ಮಗ ಗಿರಾಕಿಗಳ ಬಾಕಿ ಬರೆದಿಟ್ಟ ಹಾಳೆಯ ಫೋಟೋ ತೆಗೆದು ಚಾಟ್‌ಜಿಪಿಟಿಗೆ ಹಾಕಿ ಲೆಕ್ಕ ಕೇಳಿದ. ಎದೆ ಧಸಕ್ಕೆಂದಿತು. ಹಾಗಂತ ಬೇಡವೇ ಬೇಡ ಅನ್ನಲೂ ಮನಸ್ಸಿಲ್ಲ. ಹುಷಾರಾಗಿ ಬಳಸುವುದು ಹೇಗೆ?

ಉತ್ತರ 1: ಅಣ್ಣಾ, ಹೆಸರು, ಜಿಎಸ್‌ಟಿ ನಂಬರು ತೆಗೆದು 'ಗಿರಾಕಿ 1, ಗಿರಾಕಿ 2' ಅಂತ ಹಾಕಿ. ಸೆಟ್ಟಿಂಗ್ಸ್‌ನಲ್ಲಿ ನಮ್ಮ ಮಾತನ್ನು ಎಐನ ತರಬೇತಿಗೆ ಬಳಸದಂತೆ ಆಫ್ ಮಾಡಬಹುದು. ಲೆಕ್ಕ ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ನನಗೊಮ್ಮೆ 38 ಕ್ವಿಂಟಲ್‌ಗೆ 380 ಕೆಜಿ ಅಂದಿತ್ತು!

ಉತ್ತರ 2: ಕಾಳು ಆರಿಸಲು ಎಐ ಕ್ಯಾಮೆರಾ ಇಡುವುದಾದರೆ ಮೊದಲ ತಿಂಗಳು ಅದು ಸುಮ್ನೆ ನೋಡಲಿ. ಆರಿಸುವ ಅಕ್ಕಂದಿರೇ ಅದರ ತಪ್ಪು ಬರೆದಿಡಲಿ. ಒಂದೇ ಚೀಲದಿಂದ ಶುರು ಮಾಡಿ.

ಕೇಳಿದವರು: ಸರಿ, ನಾಳೆ ಒಂದು ಚೀಲ. ಮಗನ ಕೈಗೆ ಹಾಳೆ ಮಾತ್ರ ಕೊಡಲ್ಲ.