ಹೊಸ ವೀಲ್ ಸ್ಟಡ್ ಹಾಕಿದ ಮೇಲೂ ನಟ್ ಸಡಿಲವಾಗುತ್ತಿದೆ

ಪ್ರಶ್ನೆ (ಮಂಡ್ಯ):
ನಮಸ್ಕಾರ. ನನ್ನದು ಮಾರುತಿಯ ಹಳೆಯ ಸಣ್ಣ ಕಾರು. ಮುಂದೆ ಡಿಸ್ಕ್ ಬ್ರೇಕ್ ಇದೆ, ಒಂದು ಚಕ್ರಕ್ಕೆ ನಾಲ್ಕು ನಟ್. ಪಂಕ್ಚರ್ ಅಂಗಡಿಯೊಂದರಲ್ಲಿ ವೀಲ್ ಪಾನಕ್ಕೆ (ಸ್ಪ್ಯಾನರಿಗೆ) ಪೈಪು ತೊಡಿಸಿ ಬಿಗಿ ಮಾಡಿದ್ದರಿಂದ ಎಡ ಮುಂಚಕ್ರದ ಒಂದು ಸ್ಟಡ್‌ನ (ನಟ್ ಕೂರುವ ಬೋಲ್ಟಿನ) ಥ್ರೆಡ್ ಕಿತ್ತುಹೋಗಿತ್ತು. ಕಳೆದ ಭಾನುವಾರ ಮನೆಯಲ್ಲೇ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಬ್ರೇಕ್ ಭಾಗ) ಮತ್ತು ಡಿಸ್ಕ್ ಬಿಚ್ಚಿ, ಹಳೆಯ ಸ್ಟಡ್ಡನ್ನು ಸುತ್ತಿಗೆಯಿಂದ ಹೊಡೆದು ಹಿಂದಕ್ಕೆ ಬೀಳಿಸಿ, ಹೊಸದನ್ನು ಹಬ್ಬಿನ (ಹಬ್ ಎಂದರೆ ಚಕ್ರ ಕೂರುವ ನಡುಭಾಗ) ಹಿಂದಿನಿಂದ ತೂರಿಸಿ, ಡಿಸ್ಕ್ ಮತ್ತು ಚಕ್ರ ಕೂರಿಸಿ, ವೀಲ್ ನಟ್‌ನಿಂದಲೇ ಎಳೆದು ಬಿಗಿ ಮಾಡಿದೆ. ಟಾರ್ಕ್ ವ್ರೆಂಚ್ (ಹೊಂದಿಸಿದ ತಿರುಚು ಬಲ ಮುಟ್ಟಿದಾಗ ಸದ್ದು ಮಾಡುವ ಪಾನ) ಕೈಪಿಡಿಯಲ್ಲಿರುವಂತೆ 85 ನ್ಯೂಟನ್ ಮೀಟರಿಗೆ ‘ಟಕ್’ ಎಂದಿತು. ಆದರೆ ಮೈಸೂರಿಗೆ ಹೋಗಿ ಬಂದು ಪರೀಕ್ಷಿಸಿದಾಗ ಆ ಒಂದು ನಟ್ ಮಾತ್ರ ಮತ್ತೆ ಅರ್ಧ ಸುತ್ತು ತಿರುಗಿತು. ಸ್ಟಡ್ ಕಳಪೆಯೋ, ನಟ್ ಕಳಪೆಯೋ? ಥ್ರೆಡ್ ಅಂಟು ಹಾಕಬಹುದೇ, ಅಥವಾ ಸ್ಪ್ರಿಂಗ್ ವಾಷರ್ ಸಾಕೇ?

ಉತ್ತರ (ಮೈಸೂರು):
ಅಂಟೂ ಬೇಡ, ವಾಷರೂ ಬೇಡ. ನಟ್‌ನ ಓರೆಮೈ ಚಕ್ರದ ತೂತಿನ ಓರೆಮೈಗೆ ನೇರವಾಗಿ ಕೂರಬೇಕು. ನಡುವೆ ವಾಷರ್ ಸೇರಿಸಿದರೆ ಆ ಹಿಡಿತವೇ ತಪ್ಪುತ್ತದೆ.

ತಾವು ಬರೆದದ್ದನ್ನು ನೋಡಿದರೆ, ಸ್ಟಡ್‌ನ ತಲೆ ಹಬ್ಬಿನ ಹಿಂಬದಿಗೆ ಪೂರ್ತಿ ತಾಗಿರಲಾರದು. ಸ್ಟಡ್‌ನ ಕುತ್ತಿಗೆಯ ಸುತ್ತ ಇರುವ ಸಣ್ಣ ಹಲ್ಲುಗಳು ಹಬ್ಬಿನ ತೂತಿಗಿಂತ ತುಸು ದಪ್ಪವಾಗಿರುವುದರಿಂದ ಅವು ಒಳಗೆ ಸರಿಯುವಾಗಿನ ಉಜ್ಜಾಟವೇ ಟಾರ್ಕನ್ನು ತಿಂದುಹಾಕುತ್ತದೆ. ವ್ರೆಂಚ್ ‘ಟಕ್’ ಎಂದದ್ದು ಚಕ್ರ ಬಿಗಿಯಾದುದಕ್ಕಲ್ಲ, ಸ್ಟಡ್ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡದ್ದಕ್ಕೆ. ಅನಂತರ ರಸ್ತೆಯ ಕುಲುಕಾಟಕ್ಕೆ ಅದು ಇನ್ನಷ್ಟು ಒಳಸರಿದು ನಟ್ ಸಡಿಲಾಗಿದೆ. ಇದು ಸರಿಯಾಗುವವರೆಗೆ ಕಾರನ್ನು ಓಡಿಸಬೇಡಿ.

ನೆಲದ ಮೇಲಿದ್ದಾಗಲೇ ನಟ್‌ಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ ಸ್ಟ್ಯಾಂಡ್ ಕೊಡಿ. ಜಾಕ್ ಒಂದನ್ನೇ ನಂಬಬಾರದು. ಕ್ಯಾಲಿಪರನ್ನು ತಂತಿಯಿಂದ ಕಟ್ಟಿ ತೂಗುಹಾಕಿ, ಅದರ ಭಾರ ಬ್ರೇಕ್ ಹೋಸ್ ಮೇಲೆ ಬೀಳದಿರಲಿ. ಡಿಸ್ಕ್ ತೆಗೆದ ಮೇಲೆ ಬರಿಯ ಹಬ್ಬಿನ ಮೇಲೆಯೇ ಸ್ಟಡ್‌ಗೆ ದಪ್ಪ ವಾಷರ್‌ಗಳ ಗುಂಪನ್ನು ನಡುವೆ ಗ್ರೀಸ್ ಸವರಿ ಪೋಣಿಸಿ, ಒಂದು ಹಳೆಯ ನಟ್ಟನ್ನು ಅದರ ಚಪ್ಪಟೆ ಮುಖ ವಾಷರಿಗೆ ತಾಗುವಂತೆ ತಿರುಗಿಸಿ ಹಾಕಿ, ನಿಧಾನವಾಗಿ ಬಿಗಿ ಮಾಡುತ್ತ ಬನ್ನಿ. ಚಕ್ರಕ್ಕೆ ಮತ್ತೆ ಹಾಕುವ ನಟ್ಟನ್ನು ಈ ಕೆಲಸಕ್ಕೆ ಬಳಸಬೇಡಿ, ಅದರ ಥ್ರೆಡ್ ಹಾಳಾಗುತ್ತದೆ. ತಲೆ ತಾಗಿದೊಡನೆ ಪಾನದ ಹಿಡಿತ ಒಮ್ಮೆಗೇ ಗಟ್ಟಿಯಾಗುವುದು ಕೈಗೆ ತಿಳಿಯುತ್ತದೆ. ಆದರೂ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಕೊನೆಗೆ ಥ್ರೆಡ್ ಮೇಲಿನ ಗ್ರೀಸನ್ನು ಪೂರ್ತಿ ಒರೆಸಿ, ಏಕೆಂದರೆ ಜಾರುವ ಥ್ರೆಡ್‌ನಲ್ಲಿ ಅದೇ ಟಾರ್ಕ್ ಸ್ಟಡ್ಡನ್ನು ಮಿತಿಮೀರಿ ಎಳೆಯುತ್ತದೆ.

ಎಳೆಯುವಾಗ ಸ್ಟಡ್ ತಾನೇ ಸುತ್ತಿದರೆ ಹಲ್ಲಿನ ಭಾಗ ತೆಳುವಾದ ಬೇರೆ ಕಾರಿನ ಸ್ಟಡ್ ಬಂದಿರಬೇಕು, ಇಲ್ಲವೇ ಹಬ್ಬಿನ ತೂತು ಸವೆದಿರಬೇಕು. ಎರಡನೆಯದಾದರೆ ಹಬ್ಬನ್ನೇ ಬದಲಿಸಬೇಕಾಗುತ್ತದೆ. ವೆಲ್ಡಿಂಗ್ ಮಾಡಿಸುವ ಯೋಚನೆ ಬೇಡ.

ಪಾನಕ್ಕೆ ಪೈಪು ತೊಡಿಸುವ ರೂಢಿ ನಮ್ಮ ಕಡೆ ಕಬ್ಬಿನ ಟ್ರಾಕ್ಟರುಗಳಿಂದ ಕಾರಿಗೆ ಬಂದಿರಬೇಕು. ಟ್ರೇಲರಿಗೆ ಸಲ್ಲುವ ಬಲ 12 ಮಿ.ಮೀ. ಸ್ಟಡ್‌ಗೆ ಸಲ್ಲದು. ಅದೇ ಕೈ ಉಳಿದ ಮೂರನ್ನೂ ಬಿಗಿ ಮಾಡಿದೆಯಲ್ಲವೇ? ಅವುಗಳ ಥ್ರೆಡ್ ಎಲ್ಲಾದರೂ ಹಿಗ್ಗಿ ಸಣ್ಣಗಾಗಿದೆಯೇ ನೋಡಿ.

ಇನ್ನೊಬ್ಬರು (ಶ್ರೀರಂಗಪಟ್ಟಣ):
ಒಂದು ಸೇರಿಕೆ. ಮಾರುತಿಯ ಥ್ರೆಡ್ ಅಂತರ 1.25 ಮಿ.ಮೀ.; ಹ್ಯುಂಡೈ ಮತ್ತು ಟೊಯೊಟಾ ಕಾರುಗಳದು ಸಾಮಾನ್ಯವಾಗಿ 1.5. ಅಂಗಡಿಯಲ್ಲೇ ನಟ್ಟನ್ನು ಬೆರಳಿನಿಂದ ಕೊನೆಯವರೆಗೆ ತಿರುಗಿಸಿ ನೋಡಿ ಕೊಳ್ಳಿ. ಹಾಗೆಯೇ ಸುತ್ತಿಗೆಯ ಪೆಟ್ಟು ಬೇರಿಂಗಿಗೂ ತಗಲುತ್ತದೆ, ಮುಂದಿನ ಸಲ ಪುಲ್ಲರ್ (ಹೊಡೆಯದೆ ಒತ್ತಿ ಹೊರತೆಗೆಯುವ ಸಾಧನ) ಬಳಸಿರಿ. ಈಗ ಚಕ್ರವನ್ನು ಕೈಯಿಂದ ತಿರುಗಿಸಿದಾಗ ಗುರ್ ಎನ್ನುವ ಸದ್ದು ಇದೆಯೇ?

ಪ್ರಶ್ನೆ ಕೇಳಿದವರು:
ಸದ್ದಿಲ್ಲ. ಡಿಸ್ಕ್ ಬಿಚ್ಚಿ ನೋಡಿದಾಗ ಸ್ಟಡ್‌ನ ತಲೆಗೂ ಹಬ್ಬಿಗೂ ನಡುವೆ ಪೋಸ್ಟ್‌ಕಾರ್ಡ್ ಸಲೀಸಾಗಿ ತೂರುವಷ್ಟು ಸಂದಿಯಿತ್ತು. ಐದು ವಾಷರ್ ಹಾಕಿ ಎಳೆದ ಮೇಲೆ ಅದು ಮುಚ್ಚಿತು. ಉಳಿದವುಗಳಲ್ಲಿ ಇನ್ನೊಂದರ ಥ್ರೆಡ್ ನಡುವೆ ಸಣ್ಣಗಾಗಿದ್ದುದರಿಂದ ಅದನ್ನೂ ಪುಲ್ಲರ್‌ನಿಂದ ತೆಗೆದು ಬದಲಿಸಿದೆ. ಅಡ್ಡಕ್ಕೆ ಎದುರುಬದುರಾಗಿ 85ಕ್ಕೆ ಬಿಗಿ ಮಾಡಿ, ಸುಮಾರು 90 ಕಿ.ಮೀ. ಓಡಿಸಿ ಮತ್ತೆ ವ್ರೆಂಚ್ ಇಟ್ಟೆ. ನಾಲ್ಕೂ ನಟ್ ಅಲುಗದೆ ‘ಟಕ್’ ಎಂದವು.