ಫಾಕ್‌ಲ್ಯಾಂಡ್ಸ್ ತೀರ, 1982: ಸೀ ಹ್ಯಾರಿಯರ್‌ಗಳು ಬಿದ್ದದ್ದು ಹೇಗೆ?

ಕಡೂರು ಓದುಗ: ಭಾನುವಾರ ಚಿಕ್ಕಮಗಳೂರಿನ ಓದುಗರ ಕೂಟದಲ್ಲಿ ಬ್ರಿಟನ್–ಅರ್ಜೆಂಟೀನಾ ನಡುವಿನ ಈ ಯುದ್ಧದ ಚರ್ಚೆಯಿದೆ. ಬ್ರಿಟಿಷ್ ನೌಕಾಪಡೆಯ ಎಷ್ಟು ಸೀ ಹ್ಯಾರಿಯರ್ ಯುದ್ಧವಿಮಾನಗಳನ್ನು ಶತ್ರು ವಿಮಾನಗಳು ಉರುಳಿಸಿದವು? ಅರ್ಜೆಂಟೀನಾದ ಬಾಂಬುಗಳು ಹಡಗಿಗೆ ಬಡಿದೂ ಯಾಕೆ ಸಿಡಿಯಲಿಲ್ಲ?

ಬೇಲೂರು ಗರುಡ: ಶತ್ರು ವಿಮಾನಕ್ಕೆ ಒಂದೂ ಬಲಿಯಾಗಲಿಲ್ಲ ಸರ್. ಕಳೆದುಕೊಂಡದ್ದು ಒಟ್ಟು 6. ಮೇ 4ರಂದು ದ್ವೀಪದ ಗೂಸ್ ಗ್ರೀನ್ ಊರಿನಲ್ಲಿ 35 ಮಿ.ಮೀ. ವಿಮಾನ ನಿರೋಧಕ ಫಿರಂಗಿಗೆ ಒಂದು, ಜೂನ್ 1ರಂದು ನೆಲದಿಂದ ಹಾರಿಸುವ ರೋಲಾಂಡ್ ಕ್ಷಿಪಣಿಗೆ ಒಂದು. ಉಳಿದ 4 ಅಪಘಾತ. ಮೇ 6ರಂದು ಮಂಜಿನಲ್ಲಿ ಎರಡು ಒಟ್ಟಿಗೇ ಕಾಣೆಯಾದವು, ಡಿಕ್ಕಿಯೆಂದೇ ಊಹೆ. ಒಂದು ಹಾರಿದ ಕೂಡಲೇ ಬಿತ್ತು, ಇನ್ನೊಂದು ಡೆಕ್ಕಿನಿಂದ ಜಾರಿ ಕಡಲಿಗೆ. ಹ್ಯಾರಿಯರ್ ಜಿಆರ್3 ನಷ್ಟವನ್ನು ದಯವಿಟ್ಟು ಇದಕ್ಕೆ ಕೂಡಿಸಬೇಡಿ, ಅದು ಬ್ರಿಟಿಷ್ ವಾಯುಪಡೆಯ ಬೇರೆ ಮಾದರಿ.

ಹಾಸನ ಪೇಟೆ: ಬಾಂಬಿನ ವಿಷಯ. ಕೆಳಗೆ ಬೀಳುವಾಗ ಫ್ಯೂಸ್ (ಬಾಂಬನ್ನು ಸಿಡಿಸುವ ಸಾಧನ) ಸಜ್ಜಾಗಲು ನಿಗದಿತ ಸಮಯ ಬೇಕು. ಬೀಳಿಸಿದ ವಿಮಾನಕ್ಕೇ ಏಟಾಗದಿರಲೆಂದು ಈ ಏರ್ಪಾಡು. 60 ಮೀಟರ್‌ನಿಂದ ಬಿಟ್ಟರೆ ಸುಮಾರು 3.5 ಸೆಕೆಂಡ್ ಸಿಗುತ್ತದೆ, 15 ಮೀಟರ್‌ನಿಂದಾದರೆ 1.7 ಮಾತ್ರ. ಹಡಗಿನ ಕ್ಷಿಪಣಿಗಳಿಂದ ತಪ್ಪಿಸಿಕೊಳ್ಳಲು ಅರ್ಜೆಂಟೀನಾದ ಪೈಲಟ್‌ಗಳು ಅಲೆಗಳ ನೆತ್ತಿ ಸವರುವಷ್ಟು ಕೆಳಗೆ ಬಂದರು, ಫ್ಯೂಸ್‌ಗೆ ಪುರಸೊತ್ತೇ ಸಿಗಲಿಲ್ಲ. ಹಾಗೆಂದು ಸಿಡಿಯದ ಬಾಂಬು ನಿರಪಾಯವಲ್ಲ: ಬ್ರಿಟಿಷ್ ಯುದ್ಧನೌಕೆ ಆಂಟೆಲೋಪ್‌ನಲ್ಲಿ ನಿಷ್ಕ್ರಿಯಗೊಳಿಸುವಾಗಲೇ ಸಿಡಿಯಿತು.

ಬೇಲೂರು ಗರುಡ: ಅರ್ಜೆಂಟೀನಾಕ್ಕೆ ದೂರವೂ ತೊಡಕಾಗಿತ್ತೆಂದು ಹೇಳಿ. ಅವರ ನೆಲೆಗಳಿಂದ ದ್ವೀಪಗಳಿಗೆ 700–800 ಕಿ.ಮೀ., ಹಾಸನದಿಂದ ಮುಂಬೈಗೆ ನೇರ ಗೆರೆ ಎಳೆದಷ್ಟು. ಅವರ ಡ್ಯಾಗರ್ ಯುದ್ಧವಿಮಾನಕ್ಕೆ ಗಾಳಿಯಲ್ಲಿ ಇಂಧನ ತುಂಬಿಸಿಕೊಳ್ಳುವ ಸೌಲಭ್ಯವಿರಲಿಲ್ಲ. ಇನ್ನೊಂದು ಯುದ್ಧವಿಮಾನ ಸ್ಕೈಹಾಕ್‌ಗಿತ್ತು, ಆದರೆ ಇಂಧನ ಕೊಡುವ ಕೆಸಿ-130 ವಿಮಾನ ಇದ್ದದ್ದೇ ಎರಡು.